ಬಂದ್ ಐತೋ, ಬಂದೈತೋ

ನನ್ನ ಪರದೆಯ ಮೇಲೆ ಎಲ್ಲವೂ ಹಸಿರಾಗಿತ್ತು, ಮೂಡಲಗಿಯ ಟಾಕಿಯಲ್ಲಿ ಮಾತ್ರ ಹನಿ ನೀರಿರಲಿಲ್ಲ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿತ್ತು. ಟಾಕಿಗೆ ಸುಳ್ಳು ಹೇಳಲು ಬರುವುದಿಲ್ಲ.

ನಾನು ಕೂರುವುದು ಗೋಕಾಕದಲ್ಲಿ, ಪೇಟೆಯ ನಡುವಿನ ಒಂದು ಕಟ್ಟಡದ ಮೇಲಿನ ಕೋಣೆಯಲ್ಲಿ. ನಮ್ಮ ಪಂಪ್‌ಹೌಸ್ ಇರುವುದು ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ಬದಿಗೆ. ಅಲ್ಲಿಂದ ಹೊರಟ ದೊಡ್ಡ ಪೈಪು ಹೊಲಗಳ ಕೆಳಗೆ ಹಾಯ್ದು ನಡುದಾರಿಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ಗೋಕಾಕದ ಕಡೆಯ ಹಳ್ಳಿಗಳಿಗೆ, ಇನ್ನೊಂದು ನಾಗನೂರ ಹಾಯ್ದು ಮೂಡಲಗಿಗೆ. ಒಂದು ಹೊತ್ತು ಅವರಿಗೆ, ಒಂದು ಹೊತ್ತು ಇವರಿಗೆ, ಹೀಗೆ ಸರದಿಯ ಮೇಲೆ ನೀರು. ಪಂಪು ಎಷ್ಟು ಓಡಿತು, ಪೈಪಿನ ಒತ್ತಡ ಎಷ್ಟು, ಯಾವ ವಾಲು ತೆರೆದಿದೆ, ಯಾವುದು ಮುಚ್ಚಿದೆ, ಎಲ್ಲವೂ ಮೊಬೈಲ್ ನೆಟ್‌ವರ್ಕಿನ ಮೇಲೆ ಹಾದು ನನ್ನ ಮುಂದಿನ ಪರದೆಗೆ ಬರುತ್ತದೆ. ಕುಳಿತಲ್ಲಿಂದಲೇ ರೋಗ ಗುರುತಿಸುವುದು, ಆಗುವುದನ್ನು ಇಲ್ಲಿಂದಲೇ ಸರಿಪಡಿಸುವುದು, ಆಗದ್ದಕ್ಕೆ ಮನುಷ್ಯರನ್ನು ಕಳಿಸುವುದು ನನ್ನ ಕೆಲಸ.

ನನ್ನವ್ವ ಒಮ್ಮೆ ಬಂದು ನೋಡಿ, “ಎಸಿ ಖೋಲ್ಯಾಗ ಕುಂತು ಫೋನಿನ್ಯಾಗ ಮಂದೀನ ಬೈತೀ. ಇದಕ್ಕ ಪಗಾರ ಬ್ಯಾರೆ ಕೊಡತಾರೇನವಾ?” ಎಂದಿದ್ದಳು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ, ನನ್ನ ಬಾಯಿ ಜೋರು. ಕಣ್ಣಿಗೆ ಕಾಣದ ಕೆಲಸವನ್ನು ಕಿವಿಯಿಂದ ಮಾಡಿಸುವವರಿಗೆ ಬಾಯಿ ಜೋರಿರಲೇಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ.

ಅದು ಬೇಸಿಗೆಯ ಕೊನೆ. ಕಾಲುವೆ ಒಣಗಿತ್ತು, ಬೋರುಗಳು ಕೈಕೊಟ್ಟಿದ್ದವು, ಮೂಡಲಗಿ ನಮ್ಮ ಪೈಪನ್ನೇ ನಂಬಿಕೊಂಡು ಕೂತಿತ್ತು. ಮೂಡಲಗಿಯ ಸರದಿ ಬಂದಾಗ ಪಂಪು ಚಾಲೂ ಮಾಡಿದರೆ ತುಸು ಹೊತ್ತು ಓಡುತ್ತಿತ್ತು. ಆಮೇಲೆ ಒತ್ತಡ ಏರುತ್ತ ಏರುತ್ತ ಮಿತಿ ಮುಟ್ಟುತ್ತಿತ್ತು, ಪೈಪು ಒಡೆಯಬಾರದೆಂದು ಪಂಪು ತಾನೇ ನಿಲ್ಲುತ್ತಿತ್ತು. ಮತ್ತೆ ಚಾಲೂ ಮಾಡಿದರೆ ಮತ್ತೆ ಅದೇ ಹಾಡು.

ಮೊದಲು ನನಗೆ ಗುಮಾನಿ ಬಂದದ್ದು ಒತ್ತಡ ಅಳೆಯುವ ಉಪಕರಣದ ಮೇಲೆ. ಬಿಸಿಲಿಗೆ ಅದು ಹುಚ್ಚು ಹಿಡಿದಂತೆ ಆಡುವುದುಂಟು. ಹಿಡಕಲ್ ಪಂಪ್‌ಹೌಸಿನ ಆಪರೇಟರಿಗೆ ಫೋನ್ ಹಚ್ಚಿದೆ. ವಯಸ್ಸಾದವರು, ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ನಾನು ಅವರ ಮಗಳ ವಯಸ್ಸಿನವಳಾದರೂ ಅವರು ನನ್ನನ್ನು ಅಕ್ಕಾರ ಎಂದೇ ಕರೆಯುವುದು.

“ಕಾಕಾ, ಗ್ವಾಡಿ ಮ್ಯಾಲಿನ ಮುಳ್ಳಿನ ಗೇಜ್ ನೋಡ್ರಿ. ಪಂಪ್ ಚಾಲೂ ಮಾಡತೇನಿ, ಮುಳ್ಳ ಎಲ್ಲಿಗೆ ಹೋಗತೈತಿ ಹೇಳ್ರಿ.”

“ಏರಾಕತ್ತೈತ್ರಿ. ಇನ್ನೂ ಏರಾಕತ್ತೈತಿ. ಅಕ್ಕಾರ, ಪೈಪಿನ್ಯಾಗ ದನ ಒದರಿದಂಗ ಸಪ್ಪಳ ಬರಾಕತ್ತೈತ್ರಿ!”

ಉಪಕರಣದ್ದು ತಪ್ಪಿಲ್ಲ. ಮುಂದೆ ಎಲ್ಲೋ ದಾರಿ ಮುಚ್ಚಿದೆ. ಆದರೆ ಮೂಡಲಗಿ ಕವಲಿನ ಮೇಲೆ, ನಾಗನೂರದ ಹತ್ತಿರ ನೆಲದೊಳಗಿನ ಚೇಂಬರಿನಲ್ಲಿರುವ ಮೋಟರು ವಾಲು ‘ತೆರೆದಿದೆ’ ಎಂದೇ ಪರದೆ ಹೇಳುತ್ತಿತ್ತು. ಇಡೀ ಮುಂಜಾನೆ ಬೇರೆಲ್ಲ ಹುಡುಕಿದೆ. ಗಾಳಿ ಬಿಡುವ ವಾಲುಗಳನ್ನು ನೋಡಿಸಿದೆ, ಟಾಕಿಯ ಬಾಯಿ ನೋಡಿಸಿದೆ. ಏನೂ ಸಿಗಲಿಲ್ಲ, ತಲೆ ಕೆಟ್ಟುಹೋಯಿತು.

ಕೊನೆಗೆ ಆ ಮೋಟರು ವಾಲನ್ನೇ ಮಾತಾಡಿಸೋಣವೆಂದು, ಗೋಕಾಕದಿಂದಲೇ ಅದಕ್ಕೆ ಮುಚ್ಚಿಕೋ ಎಂದು ಆಜ್ಞೆ ಕೊಟ್ಟೆ, ಆಮೇಲೆ ತೆರೆದುಕೋ ಎಂದೆ. ಅದು ಹೇಳಿದ ಹಾಗೆ ಕೇಳಿತು. ಮುಚ್ಚಿದೆ ಎಂದಿತು, ತೆರೆದೆ ಎಂದಿತು. ಆದರೆ ನಾನು ನೋಡುತ್ತಿದ್ದದ್ದು ಅದರ ಮೋಟರು ಎಳೆಯುವ ಕರೆಂಟಿನ ಗೆರೆಯನ್ನು. ಪೈಪಿನೊಳಗಿನ ಕಬ್ಬಿಣದ ತಟ್ಟೆಯನ್ನು ನೀರಿಗೆ ಎದುರಾಗಿ ತಿರುಗಿಸುವ ಮೋಟರಿಗೆ ಶ್ರಮವಾಗುತ್ತದೆ, ಗೆರೆ ಏರಬೇಕು. ಅದು ಏರಲೇ ಇಲ್ಲ, ಮೊದಲಿಂದ ಕೊನೆಯವರೆಗೆ ಒಂದೇ ಸಮ. ಅಂದರೆ ಮೋಟರು ಬರಿಗೈಯಲ್ಲಿ ತಿರುಗುತ್ತಿದೆ. ಗೇರಿಗೂ ತಟ್ಟೆಯ ಶಾಫ್ಟಿಗೂ ನಡುವೆ ಕೂಡಿಸುವ ಉಕ್ಕಿನ ಬೆಣೆ ಮುರಿದಿದೆ. ಮೋಟರು ತಿರುಗಿದ್ದಕ್ಕೆ ಪರದೆ ಹಸಿರು ತೋರಿಸುತ್ತಿದೆ, ತಟ್ಟೆ ಮುಚ್ಚಿದಲ್ಲೇ ಕೂತಿದೆ.

ಖರೆ ಹೇಳುತ್ತೇನೆ, ಆ ಹೊತ್ತು ನನಗೆ ಭಾರೀ ಹಿಗ್ಗಾಯಿತು. ಬೆಳಗಾವಿಯಲ್ಲಿರುವ ನಮ್ಮ ಸಾಹೇಬರಿಗೆ ಫೋನ್ ಮಾಡಿ ಹೇಳಿದೆ. ಅವರು, “ಕುಂತಲ್ಲೇ ಹಿಡದ್ರೆಲ್ರಿ, ಭೇಷ್!” ಎಂದರು. ಅವರು ಸುಮ್ಮಸುಮ್ಮನೆ ಹೊಗಳುವವರಲ್ಲ.

ಘಟಪ್ರಭಾದಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಫಿಟ್ಟರನ್ನು ನಾಗನೂರಕ್ಕೆ ಕಳಿಸಿದೆ. ಅವರು ಚೇಂಬರಿಗೆ ಇಳಿದು ನೋಡಿ, ಮೇಲೆ ಬಂದು, ಅಂಗೈ ಮೇಲೆ ಮುರಿದ ಬೆಣೆ ಇಟ್ಟುಕೊಂಡು ಅದರ ಫೋಟೊ ಕಳಿಸಿದರು. ಗೋಕಾಕದ ಲೇತ್ ಅಂಗಡಿಯಲ್ಲಿ ಹೊಸ ಬೆಣೆ ಮಾಡಿಸಿ ಕೊಟ್ಟು ಕಳಿಸಿದೆ, ಅವರು ಕೂಡಿಸಿದರು. ಕೆಲಸ ಮುಗಿಯಿತು ಅಂದುಕೊಂಡು ನೀರು ಬಿಟ್ಟರೆ, ಶಾಫ್ಟಿನ ಕತ್ತಿನಿಂದ ನೀರು ಚಿಮ್ಮತೊಡಗಿತು. ಬಿಗಿದುಕೊಂಡಿದ್ದ ತಟ್ಟೆಯನ್ನು ಸ್ಪ್ಯಾನರ್ ಹಾಕಿ ತಿರುಗಿಸುವಾಗ ಶಾಫ್ಟಿನ ಸುತ್ತಲ ಪ್ಯಾಕಿಂಗ್, ಅಂದರೆ ನೀರು ಸೋರದಂತೆ ಸುತ್ತುವ ದಪ್ಪ ಹುರಿ, ಹರಿದುಹೋಗಿತ್ತು. ಆ ಅಳತೆಯ ಪ್ಯಾಕಿಂಗ್ ಗೋಕಾಕದಲ್ಲಿ ಸಿಗಲಿಲ್ಲ. ಸಂಕೇಶ್ವರದ ಅಂಗಡಿಯೊಂದರಲ್ಲಿ ಸಿಕ್ಕಿತು, ಮರುದಿನ ಮುಂಜಾನೆ ಬಸ್ಸಿಗೆ ಹಾಕುತ್ತೇವೆ ಎಂದರು.

ಮರುದಿನ ಬೆಳಿಗ್ಗೆ ಫಿಟ್ಟರಿಗೂ ನಾಗನೂರದ ವಾಲ್‌ಮನ್ನರಿಗೂ ಒಟ್ಟಿಗೆ ಫೋನ್ ಹಚ್ಚಿ ಕೆಲಸದ ಕ್ರಮ ಹೇಳಿದೆ. ವಾಲ್‌ಮನ್ ಅದೇ ಊರಿನ ರೈತರು. ಸ್ವಂತ ಹೊಲದ ಜೊತೆಗೆ ನಮ್ಮ ವಾಲು ತೆರೆದು ಮುಚ್ಚುವ ಕೆಲಸವನ್ನೂ ಮಾಡುತ್ತಾರೆ. ಪಂಪು ನಿಲ್ಲಿಸಿರುತ್ತೇನೆ. ಪೈಪಿನಲ್ಲಿ ನಿಂತ ನೀರು ಚೇಂಬರಿನ ಬದಿಯ ತೂಬಿನಿಂದ ಹರಿದು ಖಾಲಿಯಾಗಬೇಕು. ಅದಕ್ಕಾಗಿ ಚೇಂಬರಿಗಿಂತ ಮೇಲೆ, ಕವಲಿನ ಹತ್ತಿರ ಇರುವ ಕೈಚಕ್ರದ ವಾಲು ಸದ್ಯ ತೆರೆದೇ ಇರಲಿ. ನೀರಿನ ಒತ್ತಡ ಇಳಿದ ಮೇಲೆ ಫಿಟ್ಟರ್ ಒಳಗಿಳಿದು ಹಳೆಯ ಪ್ಯಾಕಿಂಗ್ ಬಿಚ್ಚಲಿ. ಸಂಕೇಶ್ವರದಿಂದ ಹೊಸದು ಬರುವಷ್ಟರಲ್ಲಿ ಪೈಪು ಖಾಲಿಯಾಗಿರುತ್ತದೆ. ಆಗ ವಾಲ್‌ಮನ್ ಕೈಚಕ್ರ ತಿರುಗಿಸಿ ಮೇಲಿನ ವಾಲು ಮುಚ್ಚಲಿ. ಅದು ಮುಚ್ಚಿದರೆ ಚೇಂಬರಿಗೆ ನೀರು ಬರುವ ದಾರಿಯೇ ಇಲ್ಲ, ಫಿಟ್ಟರ್ ಒಳಗಿದ್ದರೂ ಗೋಕಾಕದ ಕಡೆಯ ಹಳ್ಳಿಗಳಿಗೆ ಪಂಪು ಓಡಿಸಬಹುದು. ಆ ಹಳ್ಳಿಗಳೂ ಆಗಲೇ ಒಣಗಿದ್ದವು.

ಇದನ್ನೆಲ್ಲ ನಮ್ಮ ಮಾತಿನಲ್ಲಿ ನಾನು ಹೇಳಿದ್ದು ಹೀಗೆ: “ಪ್ಯಾಕಿಂಗ್ ಬಂದ ಮ್ಯಾಲ ಮ್ಯಾಲಿನ ವಾಲ್ ಬಂದ್ ಮಾಡ್ರಿ. ಬಂದ್ ಆದ ಮ್ಯಾಲ ನಾ ಪಂಪ್ ಚಾಲೂ ಮಾಡತೇನಿ.”

ಇಬ್ಬರೂ ಹೂಂನ್ರಿ ಎಂದರು.

ಹೊತ್ತೇರಿತು. ಪೈಪಿನ ಒತ್ತಡ ಪೂರ್ತಿ ಇಳಿದದ್ದು ಪರದೆಯಲ್ಲಿ ಕಂಡಿತು. ಗೋಕಾಕ ಕಡೆಯ ಹಳ್ಳಿಗಳಿಂದ ಒಂದರ ಮೇಲೊಂದು ಫೋನು. ಸಾಹೇಬರಿಗೆ ಅದಕ್ಕಿಂತ ಹೆಚ್ಚು. ನಾನು ವಾಲ್‌ಮನ್ನರಿಗೆ ಹಚ್ಚಿದೆ. ಅತ್ತ ಕಡೆ ಯಾರದೋ ಟ್ರ್ಯಾಕ್ಟರ್ ಗುಡುಗುತ್ತಿತ್ತು, ಗಾಳಿ ಬೇರೆ.

“ಯಜಮಾನ್ರ, ಬಂದ್ ಐತೇನ್ರಿ?”

“ಹೂಂನ್ರಿ ಅಕ್ಕಾರ, ಬಂದೈತ್ರಿ.”

“ಖರೇನ?”

“ಅಯ್ಯ, ಸುಳ್ಳ ಯಾಕ ಹೇಳ್ಲಿ? ನನ್ನ ಕಣ್ಣ ಮುಂದ ಐತಿ.”

ಇಷ್ಟೇ ಮಾತು. ಸಾಹೇಬರಿಗೆ ಫೋನ್ ಮಾಡಿ, “ಮ್ಯಾಲಿನ ವಾಲ್ ಬಂದ್ ಆಗೈತ್ರಿ, ಗೋಕಾಕ ಕಡೆ ನೀರ ಬಿಡತೇನಿ” ಎಂದು ಹೇಳಿದೆ. ಪಂಪಿನ ಗುಂಡಿಯ ಮೇಲೆ ಬಾಣದ ಗುರುತು ತಂದು ಇಟ್ಟಿದ್ದೆ, ಒತ್ತಬೇಕು ಅನ್ನುವಷ್ಟರಲ್ಲಿ ಪಂಪ್‌ಹೌಸಿನ ಚಿತ್ರವೆಲ್ಲ ಬೂದಿ ಬಣ್ಣಕ್ಕೆ ತಿರುಗಿತು. ಹಿಡಕಲ್ಲಿನಲ್ಲಿ ಕರೆಂಟು ಹೋಗಿತ್ತು. ಕರೆಂಟಿಗೆ ಬಾಯಿಗೆ ಬಂದಂತೆ ಬೈದೆ. ಆಮೇಲೆ ಎಷ್ಟೋ ಸಲ ಆ ಕರೆಂಟಿಗೆ ಕೈ ಮುಗಿದಿದ್ದೇನೆ.

ಕಾದು ಕೂತೆ. ಸಾಹೇಬರ ಫೋನು ಎರಡು ಸಲ ಬಂತು. ನೀರಿಲ್ಲದ ಮಂದಿ ಕೊಡ ಹಿಡಿದುಕೊಂಡು ಬೆಳಗಾವಿಯ ಆಫೀಸಿನ ತನಕ ಬಂದು ಕೂತಿದ್ದಾರೆ, ಹೆಣ್ಣುಮಕ್ಕಳ ಬಾಯಿಗೆ ಉತ್ತರ ಕೊಡಲು ಆಗುತ್ತಿಲ್ಲ ಎಂದರು. ನನಗೂ ಸಂಕಟವಾಯಿತು. ಬಿಸಿಲಲ್ಲಿ ಕೊಡ ಹೊತ್ತು ನಿಂತವರ ಸಿಟ್ಟು ಎಂಥದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ, ನನ್ನವ್ವ ಆ ಸಾಲಿನಲ್ಲೇ ನಿಂತು ನಮ್ಮನ್ನು ಬೆಳೆಸಿದವಳು.

ಆಗ ಕಾಕಾನ ಫೋನು ಬಂತು.

“ಅಕ್ಕಾರ, ಕರೆಂಟ ಬಂದೈತ್ರಿ.”

ನನ್ನ ಪರದೆ ಇನ್ನೂ ಬೂದಿ ಬಣ್ಣದ್ದೇ. ಕರೆಂಟು ಬಂದರೂ ಅಲ್ಲಿನ ಮೋಡೆಮ್ ಎಚ್ಚರಗೊಳ್ಳಲು ತುಸು ಹೊತ್ತು ಬೇಕೆಂಬುದು ಆ ಕ್ಷಣ ತಲೆಗೆ ಹೊಳೆಯಲಿಲ್ಲ. “ಇನ್ನೂ ಬಂದ್ ಐತೇನ್ರಿ ಕಾಕಾ? ಎಷ್ಟೊತ್ತರ ಬಂದ್ ಇಡತಾರಪಾ ಇವರು!” ಎಂದು ಒದರಿದೆ.

ಕಾಕಾ ನಕ್ಕರು. “ಬಂದ್ ಅಲ್ಲರಿ ಅಕ್ಕಾರ, ಬಂದೈತಿ! ದೀಪ ಉರ್ಯಾಕತ್ತಾವು, ಫ್ಯಾನ್ ತಿರಗಾಕತ್ತೈತಿ. ನಿಮ್ಮ ಕಿವಿ ತೊಳಕೋರಿ.”

ನಾನೂ ನಕ್ಕೆ. ನಗುತ್ತಿದ್ದಂತೆಯೇ ವಾಲ್‌ಮನ್ನರ ಮಾತು ನೆನಪಾಯಿತು.

ಬಂದ್ ಐತಿ, ಮುಚ್ಚಿದೆ. ಬಂದೈತಿ, ಬಂದಿದೆ. ಬರೆದರೆ ಎರಡು, ಬಾಯಲ್ಲಿ ಒಂದೇ. ನಮ್ಮ ಕಡೆ ಹುಟ್ಟಿದಾಗಿನಿಂದ ಎರಡನ್ನೂ ಆಡುತ್ತೇವೆ. ಎದುರಿಗಿದ್ದರೆ ಮುಖ ನೋಡಿ, ಕೈ ನೋಡಿ ತಿಳಿಯುತ್ತದೆ, ತಪ್ಪುವುದೇ ಇಲ್ಲ. ವಾಲ್‌ಮನ್ನರನ್ನು ನಾನು ಏನು ಕೇಳಿದೆ? ವಾಲು ಎಂಬ ಮಾತನ್ನೇ ಆಡಲಿಲ್ಲ. ‘ಬಂದ್ ಐತೇನ್ರಿ’ ಎಂದೆ. ಮುಂಜಾನೆಯಿಂದ ಅವರು ಬಸ್ಸಿನ ದಾರಿ ಕಾಯುತ್ತಿದ್ದದ್ದು ಪ್ಯಾಕಿಂಗಿಗಾಗಿ. ‘ಬಂದೈತಿ, ನನ್ನ ಕಣ್ಣ ಮುಂದ ಐತಿ’ ಎಂದರು. ಅವರ ಕಣ್ಣ ಮುಂದೆ ಇದ್ದದ್ದು ಯಾವುದು? ಮುಚ್ಚಿದ ವಾಲೋ, ಬಸ್ಸಿನಿಂದ ಇಳಿದ ಪ್ಯಾಕಿಂಗೋ?

ಪ್ಯಾಕಿಂಗ್ ಆಗಿದ್ದರೆ ಮೇಲಿನ ವಾಲು ಇನ್ನೂ ತೆರೆದಿದೆ. ಶಾಫ್ಟಿನ ಕತ್ತು ಬಿಚ್ಚಿ ಇಟ್ಟಿದೆ, ಅದಕ್ಕೆ ಎದೆಕೊಟ್ಟು ಫಿಟ್ಟರ್ ಕೂತಿದ್ದಾರೆ. ಆ ಗುಂಡಿ ಆಳ, ಒಂದೇ ಏಣಿ. ಪಂಪು ಚಾಲೂ ಆದರೆ ಆ ನೀರು ಮನುಷ್ಯನನ್ನು ಗೋಡೆಗೆ ಒಗೆಯುತ್ತದೆ, ಏಣಿ ಹುಡುಕಲು ಬಿಡುವುದಿಲ್ಲ.

ವಾಲ್‌ಮನ್ನರಿಗೆ ಹಚ್ಚಿದೆ. ಸ್ವಿಚ್ ಆಫ್. ಫಿಟ್ಟರಿಗೆ ಹಚ್ಚಿದೆ. ಚೇಂಬರಿನೊಳಗೆ ನೆಟ್‌ವರ್ಕ್ ಸಿಗುವುದಿಲ್ಲ ಎಂದು ಗೊತ್ತಿದ್ದೂ ಮತ್ತೆ ಮತ್ತೆ ಹಚ್ಚಿದೆ. ಕೊನೆಗೆ ಸಾಹೇಬರಿಗೆ ಫೋನ್ ಮಾಡಿದೆ.

“ಸಾಹೇಬ್ರ, ಪಂಪ್ ಚಾಲೂ ಮಾಡೂದು ಬ್ಯಾಡ್ರಿ. ವಾಲ್ ಬಂದ್ ಐತೋ ಇಲ್ಲೋ ಖಾತ್ರಿ ಇಲ್ಲ.”

“ಈಗರ ಬಂದ್ ಆಗೈತಿ ಅಂದ್ರೆಲ್ರಿ?”

“ಅವರು ಬಂದೈತಿ ಅಂದ್ರು. ಯಾವ ಬಂದೈತಿ ಅಂತ ನಾ ಕೇಳಲಿಲ್ಲ.”

“ಏನ್ ಮಾತಿನ ಕಸರತ್ತ ಹಚ್ಚೀರಿ ಇದು? ಇಲ್ಲಿ ಮಂದಿ ನನ್ನ ಕುತಗಿ ಹಿಡದಾರ. ನಿಮ್ಮ ಕೈಲೆ ಆಗದಿದ್ರ ಬಿಡ್ರಿ, ನಾನ ಚಾಲೂ ಮಾಡತೇನಿ.”

ಫೋನು ಕಟ್ಟಾಯಿತು. ಅವರು ಕೆಟ್ಟವರಲ್ಲ. ಕೆಳಗೆ ಕೊಡ ಬಡಿಯುವ ಸದ್ದು ಕೇಳುತ್ತಿರುವವರಿಗೆ ಉಚ್ಚಾರದ ಪಾಠ ಹೇಳಿದರೆ ಯಾರಿಗಾದರೂ ಸಿಟ್ಟೇ ಬಂದೀತು. ಆದರೆ ಬೆಳಗಾವಿಯ ಅವರ ಕಂಪ್ಯೂಟರಿನಲ್ಲೂ ನನ್ನದರಲ್ಲಿರುವಂಥದ್ದೇ ಹಸಿರು ಗುಂಡಿ ಇದೆ. ಮೋಡೆಮ್ ಎದ್ದು ಪಂಪ್‌ಹೌಸಿನ ಚಿತ್ರಕ್ಕೆ ಬಣ್ಣ ಬಂದ ಕೂಡಲೇ ಅವರು ಒತ್ತುತ್ತಾರೆ. ದೂರದಿಂದ ಯಂತ್ರ ನಡೆಸುವ ಅನುಕೂಲವೆಂದು ನಾವು ಹೆಮ್ಮೆಪಡುವುದು ಇದನ್ನೇ, ಎಲ್ಲಿಂದ ಬೇಕಾದರೂ ಒತ್ತಬಹುದು. ಒತ್ತಿದವರಿಗೆ ಗುಂಡಿಯೊಳಗಿನ ಮನುಷ್ಯ ಕಾಣುವುದಿಲ್ಲ.

ಪಂಪ್‌ಹೌಸಿನ ಪ್ಯಾನೆಲ್ಲಿನ ಮೇಲೆ ಒಂದು ಕೀಲಿಯ ಸ್ವಿಚ್ಚಿದೆ. ಒಂದು ಬದಿಗೆ ‘ರಿಮೋಟ್’, ಇನ್ನೊಂದು ಬದಿಗೆ ‘ಲೋಕಲ್’. ಲೋಕಲ್ಲಿಗೆ ತಿರುಗಿಸಿ ಕೀಲಿ ಕಿತ್ತುಕೊಂಡರೆ ಗೋಕಾಕ, ಬೆಳಗಾವಿ ಎಲ್ಲವೂ ಕುರುಡು. ಸಾಹೇಬರ ಅಪ್ಪಣೆಯಿಲ್ಲದೆ ಅದನ್ನು ಮುಟ್ಟುವಂತಿಲ್ಲ ಎಂಬುದು ನಮ್ಮಲ್ಲಿಯ ಕಟ್ಟುನಿಟ್ಟು. ಕಾಕಾನಿಗೆ ಹಚ್ಚಿದೆ. ಆ ಒಂದೊಂದು ರಿಂಗು ಎಷ್ಟು ಉದ್ದವಿತ್ತೆಂದು ನನಗೇ ಗೊತ್ತು.

“ಕಾಕಾ, ಓಡ್ರಿ. ಪ್ಯಾನೆಲ್ ಕೀಲಿ ಲೋಕಲ್ಲಿಗೆ ತಿರುವ್ರಿ. ಕೀಲಿ ತಗದು ಕಿಸೇದಾಗ ಹಾಕ್ಕೋರಿ.”

“ಸಾಹೇಬ್ರಿಗೆ ಹೇಳೀರೇನ್ರಿ?”

“ಇಲ್ಲ. ನಂದ ಹೆಸರ ಹೇಳ್ರಿ. ನೌಕರಿ ಹೋದ್ರ ನಂದು ಹೋಗ್ಲಿ. ಫಿಟ್ಟರ್ ಗುಂಡ್ಯಾಗ ಅದಾರ್ರಿ ಕಾಕಾ, ನೀರಿನ ದಾರಿ ತೆರದೈತೋ ಏನೋ, ನನಗ ಗೊತ್ತಿಲ್ಲ!”

ಅವರು ಮತ್ತೇನೂ ಕೇಳಲಿಲ್ಲ. ಚಪ್ಪಲಿಯ ಸದ್ದು, ಆಮೇಲೆ ಕಟಕ್ಕೆಂಬ ಸದ್ದು ಕೇಳಿತು. “ಕಿಸೇದಾಗ ಐತ್ರಿ,” ಎಂದರು.

“ಯಾರ ಕೇಳಿದ್ರೂ ಕೊಡಬ್ಯಾಡ್ರಿ, ನಾ ಕೇಳಿದ್ರೂ ಬ್ಯಾಡ. ಫಿಟ್ಟರ್ ಹೊರಗ ನಿಂತು ತನ್ನ ಬಾಯಿಲೆ ಹೇಳಬೇಕು, ನಿಮ್ಮ ಕಿವಿಗೆ ಬೀಳಬೇಕು. ಅಲ್ಲೀತನಾ ಬ್ಯಾಡ.”

ಸ್ಕೂಟಿ ತೆಗೆದುಕೊಂಡು ಹೊರಟೆ. ಘಟಪ್ರಭಾ ನದಿಯ ಸೇತುವೆ ದಾಟಿ ನಾಗನೂರದ ಹಾದಿ ಹಿಡಿದೆ. ಬ್ಯಾಗಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು, ಸಾಹೇಬರದೆಂದು ಗೊತ್ತಿತ್ತು, ನಿಲ್ಲಿಸಲಿಲ್ಲ. ಕೀಲಿ ಕಾಕಾನ ಕಿಸೆಯಲ್ಲಿದೆ ಎಂದು ನೂರು ಸಲ ಹೇಳಿಕೊಂಡೆ. ಆದರೂ ನನಗೆ ಭಯ. ಕಾಕಾ ತಿರುಗಿಸುವ ಮೊದಲೇ ಯಾರಾದರೂ ಒತ್ತಿದ್ದರೆ? ಪಂಪು ಒಂದು ಗಳಿಗೆ ತಿರುಗಿದ್ದರೆ? ನಾನು ದೇವರಿಗೆ ಬೇಡಿಕೊಳ್ಳುವವಳಲ್ಲ. ನಮ್ಮ ಮನೆಯಲ್ಲಿ ಗೋಡೆಯ ಮೇಲೆ ಬುದ್ಧನ ಒಂದು ಪಟವಿದೆ, ಅವ್ವ ಅದರ ಮುಂದೆ ಏನನ್ನೂ ಬೇಡದೆ ಸುಮ್ಮನೆ ಕೂರುತ್ತಾಳೆ. ಅವತ್ತು ದಾರಿಯುದ್ದಕ್ಕೂ ನಾನು ಆ ಪಟಕ್ಕೆ ಬೇಡಿಕೊಂಡೆ.

ದಾರಿಯಲ್ಲಿ ಮೊದಲು ಸಿಗುವುದು ಮೇಲಿನ ವಾಲೇ. ಕಬ್ಬಿನ ಹೊಲದ ಬದುವಿನ ಮೇಲೆ ಅದರ ಕೈಚಕ್ರ ಕಾಣುತ್ತದೆ. ಆ ವಾಲು ತೆರೆದಿದ್ದರೆ ಚಕ್ರದ ನಡುವಿನಿಂದ ತಿರುಪಿನ ಕಂಬ ಮೇಲೆದ್ದು ನಿಲ್ಲುತ್ತದೆ, ಮುಚ್ಚಿದರೆ ಒಳಗಿಳಿದು ಮರೆಯಾಗುತ್ತದೆ. ಹತ್ತಿರ ಹೋಗಿ ನೋಡುವುದೇ ಬೇಕಿಲ್ಲ.

ಕಂಬ ಮೇಲೆದ್ದು ನಿಂತಿತ್ತು. ಗ್ರೀಸು ಹಚ್ಚಿದ ತಿರುಪು ಬಿಸಿಲಿಗೆ ಮಿರಿಮಿರಿ ಮಿಂಚುತ್ತಿತ್ತು.

ಸ್ಕೂಟಿಯನ್ನು ಅಲ್ಲೇ ಕೆಡವಿ ಚೇಂಬರಿನ ಕಡೆ ಓಡಿದೆ. ಬಾಯಿ ತೆರೆದ ಚೇಂಬರಿನ ಬದಿಗೆ ವಾಲ್‌ಮನ್ ಕೂತು ಹೊಸ ಪ್ಯಾಕಿಂಗನ್ನು ಅಳತೆಗೆ ಕತ್ತರಿಸುತ್ತಿದ್ದರು. ಸಂಕೇಶ್ವರದ ಅಂಗಡಿಯ ಕಾಗದ ಪಕ್ಕದಲ್ಲೇ ಬಿದ್ದಿತ್ತು. ನೆಲ ಒಣಗಿತ್ತು. ನಾನು ಚೇಂಬರಿನ ಬಾಯಿಗೆ ಬಗ್ಗಿ, “ಅಣ್ಣಾರ, ಮ್ಯಾಲ ಬರ್ರಿ, ಮ್ಯಾಲ ಬರ್ರಿ!” ಎಂದು ಕೂಗಿದೆ.

ಫಿಟ್ಟರ್ ಏಣಿ ಹತ್ತಿ ಮೇಲೆ ಬಂದರು. ಮೊಳಕೈವರೆಗೆ ಕೆಸರು. “ಏನಾತ್ರಿ ಅಕ್ಕಾರ? ಊರಾಗ ಏನರ ಆತೇನು?” ಎಂದರು. ನಾನು ಅವರ ತೋಳನ್ನು ಹಿಡಿದುಕೊಂಡೇ ನಿಂತಿದ್ದೆ. ಆಮೇಲೆ ವಾಲ್‌ಮನ್ನರ ಕಡೆ ತಿರುಗಿ, “ಯಜಮಾನ್ರ, ವಾಲ್ ಬಂದ್ ಐತಿ ಅಂದ್ರೆಲ್ರಿ!” ಎಂದೆ.

ಅವರ ಕೈಯಲ್ಲಿದ್ದ ಚಾಕು ಹಾಗೇ ನಿಂತಿತು. “ವಾಲ್ ಎಲ್ಲಿ ಕೇಳಿದ್ರಿ ಅಕ್ಕಾರ? ಬಂದೈತೇನು ಅಂತ ಕೇಳಿದ್ರಿ. ಇದು ಬಂದಿತ್ತು, ಬಂದೈತಿ ಅಂದ್ನಿ. ಇದನ್ನ ಇವರಿಗೆ ಕೊಟ್ಟು ವಾಲ್ ಮುಚ್ಚಾಕ ಹೋಗಬೇಕಂದ್ನಿ, ಕತ್ತರಿಸಿ ಕೊಡ್ರಿ ಅಂದ್ರು. ಆಮ್ಯಾಲ ಫೋನ್ ಮಾಡಬೇಕಂದ್ರ ಚಾರ್ಜ್ ಮುಗದಿತ್ತು. ನಾ ಖರೇನ ಹೇಳೇನ್ರಿ.” ಹೇಳುತ್ತ ಹೇಳುತ್ತ ಅವರಿಗೇ ಅರ್ಥವಾಯಿತು. ಚೇಂಬರಿನ ಬಾಯಿ ನೋಡಿದರು, ಫಿಟ್ಟರನ್ನು ನೋಡಿದರು. “ಯವ್ವಾ, ನಾ ಏನ್ ಮಾಡತಿದ್ನಿ!” ಎಂದು ತಲೆಯ ಮೇಲೆ ಕೈ ಹೊತ್ತರು.

ಅವರು ಖರೇನೇ ಹೇಳಿದ್ದರು, ನಾನೂ ಸರಿಯಾಗಿಯೇ ಕೇಳಿಸಿಕೊಂಡಿದ್ದೆ. ಇಬ್ಬರ ನಡುವೆ ಒಬ್ಬ ಮನುಷ್ಯ ಸಾಯುವವನಿದ್ದ.

ಫಿಟ್ಟರಿಗೆ ಎಲ್ಲವನ್ನೂ ಹೇಳಿದೆ. ಮುಚ್ಚಿಡಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಕೈಯ ಕೆಸರನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದವರು ಒಂದೇ ಮಾತು ಹೇಳಿದರು:

“ನಮ್ಮ ಮನ್ಯಾಗ ಹೇಳಬ್ಯಾಡ್ರಿ ಅಕ್ಕಾರ.”

ಮೂವರೂ ಹೋಗಿ ಮೇಲಿನ ವಾಲಿನ ಚಕ್ರ ತಿರುಗಿಸಿದೆವು. ಬಿಗಿಯಾದ ಚಕ್ರ, ತಿರುಗಿಸಿ ತಿರುಗಿಸಿ ಅಂಗೈ ಕೆಂಪಾಯಿತು. ತಿರುಪಿನ ಕಂಬ ಪೂರ್ತಿ ಒಳಗಿಳಿದದ್ದನ್ನು ಮೂವರೂ ಮುಟ್ಟಿ ನೋಡಿದೆವು. ಆಮೇಲೆ ನಾನು ಕಾಕಾನಿಗೆ ಫೋನ್ ಮಾಡಿ ಫಿಟ್ಟರ್ ಸುಖರೂಪ ಇದ್ದಾರೆಂದು ಹೇಳಿದೆ.

“ದೊಡ್ಡದಾತ ಬಿಡ್ರಿ,” ಎಂದು ಅವರು ಉಸಿರು ಬಿಟ್ಟರು. “ಅಕ್ಕಾರ, ಇಲ್ಲಿ ಪ್ಯಾನೆಲ್ ಮ್ಯಾಲ ಚಾಲೂ ದೀಪ ಎರಡ ಸಲ ಮಿಣಕ್ ಅಂತ್ರಿ. ಯಾರೋ ಅಲ್ಲಿಂದ ಒತ್ಯಾರ. ಪಂಪ್ ಅಳ್ಳಾಡಲಿಲ್ಲ. ಆಮ್ಯಾಲ ಸಾಹೇಬ್ರ ಫೋನ್ ಬಂತು, ಕೀಲಿ ತಿರುವು ಅಂದ್ರು.”

“ನೀವು ಏನಂದ್ರಿ?”

“ವಯಸ್ಸಾತಲ್ರಿ ನನಗ, ಕಿವಿ ಕೇಳಸಂಗಿಲ್ಲ ಅಂದ್ನಿ.”

ನಗಬೇಕೆನಿಸಿತು, ನಗು ಬರಲಿಲ್ಲ. ಎರಡು ಸಲ ಒತ್ತಿದ್ದಾರೆ. ತೆರೆದ ವಾಲಿನ ಮುಂದೆ, ಬಿಚ್ಚಿದ ಕತ್ತಿನ ಮುಂದೆ ಫಿಟ್ಟರ್ ಕೂತಿದ್ದ ಆ ಹೊತ್ತಿನಲ್ಲಿ.

ಸಾಹೇಬರಿಗೆ ನಾನೇ ಫೋನ್ ಮಾಡಿದೆ. ಬೈಗುಳ ತಿನ್ನಲು ತಯಾರಾಗಿಯೇ ಮಾಡಿದೆ. ಅವರು ಶುರು ಮಾಡುವ ಮೊದಲೇ, “ಸಾಹೇಬ್ರ, ವಾಲ್ ತೆರದಿತ್ತು. ಫಿಟ್ಟರ್ ಒಳಗಿದ್ರು. ನೀವು ಒತ್ತಿದಾಗ,” ಎಂದೆ. ಅವರ ಹಿಂದೆ ಮಂದಿಯ ಗದ್ದಲ ಕೇಳುತ್ತಿತ್ತು.

“ಕೀಲಿ ಈಗ ಎಲ್ಲೈತಿ?” ಎಂದರು.

“ಕಾಕಾನ ಕಿಸೇದಾಗ.”

“ಅಲ್ಲೇ ಇರ್ಲಿ,” ಎಂದರು. “ಮಂದಿಗೆ ನಾ ಹೇಳತೇನಿ. ತಡಾ ಆಗತೈತಿ ಅಂತ ಕಾಲ ಬಿದ್ದರ ಹೇಳತೇನಿ.”

ಕೆಲಸ ಇನ್ನೂ ಉಳಿದಿತ್ತು. ಬೇರೆಯವರನ್ನು ಕರೆಸೋಣವೇ ಎಂದು ಫಿಟ್ಟರನ್ನು ಕೇಳಿದೆ. “ನಾ ಬಿಚ್ಚಿದ್ದು, ನಾನ ಕಟ್ಟತೇನ್ರಿ,” ಎಂದು ಅವರು ಮತ್ತೆ ಏಣಿ ಇಳಿದರು. ಇಳಿಯುವಾಗ ಒಂದು ಮೆಟ್ಟಿಲಿನ ಮೇಲೆ ತುಸು ನಿಂತರು, ನನಗೆ ಕಂಡಿತು. ವಾಲ್‌ಮನ್ ಮೇಲಿನ ವಾಲಿನ ಚಕ್ರದ ಮೇಲೆಯೇ ಹೋಗಿ ಕೂತರು. ಕರೆದರೂ ಏಳಲಿಲ್ಲ. ನಾನು ಚೇಂಬರಿನ ಬಾಯಿಗೆ ಕೂತು ಪ್ಯಾಕಿಂಗಿನ ತುಂಡುಗಳನ್ನು ಒಂದೊಂದಾಗಿ ಕೈಗೆ ಕೊಟ್ಟೆ. ಸುತ್ತು ಕೂಡಿಸಬೇಕು, ಬಡಿದು ಕೂರಿಸಬೇಕು, ಮುಂದಿನ ತುಂಡಿನ ಸೇರಿಕೆ ಹಿಂದಿನದರ ಎದುರು ಬದಿಗೆ ಬರಬೇಕು. ಪರದೆಯ ಮೇಲೆ ಇದೆಲ್ಲ ಒಂದು ಹಸಿರು ಚುಕ್ಕೆ ಅಷ್ಟೇ.

ಬಿಸಿಲು ಇಳಿಯುವ ಹೊತ್ತಿಗೆ ಫಿಟ್ಟರ್ ಸಾಮಾನು ಮೇಲೆ ಕೊಟ್ಟು, ತಾವೂ ಬಂದರು. ಕಾಕಾನಿಗೆ ಫೋನ್ ಹಚ್ಚಿ ಅವರ ಕೈಗೆ ಕೊಟ್ಟೆ.

“ಕಾಕಾ, ನಾ ಬಂದೇನ್ರಿ.”

“ಯಾವ ಬಂದ್‌ಪಾ?” ಎಂದು ಅತ್ತಲಿಂದ ಕಾಕಾ ಕೇಳಿದ್ದು ನನಗೂ ಕೇಳಿಸಿತು.

“ಬಂದ್ ಆಗಿಲ್ರಿ ಕಾಕಾ, ಬಂದೇನಿ. ಹೊರಗ ನಿಂತೇನಿ, ಬಿಸಲಾಗ.” ಫೋನನ್ನು ನನ್ನ ಕೈಗೆ ತುರುಕಿ ಆಚೆ ಮುಖ ಮಾಡಿ ನಿಂತರು.

ಕಾಕಾ ಕೀಲಿ ತಿರುಗಿಸಿದರು. ಮೇಲಿನ ವಾಲು ತೆರೆದೆವು, ಪಂಪು ಓಡಿತು, ಶಾಫ್ಟಿನ ಕತ್ತಿನಲ್ಲಿ ಒಂದು ಹನಿಯೂ ಸೋರಲಿಲ್ಲ. ಗೋಕಾಕದ ಕಡೆಯ ಹಳ್ಳಿಗಳಿಗೆ ರಾತ್ರಿಯ ಸರದಿ ಸಿಕ್ಕಿತು. ಪೈಪಿನ ಮೇಲೆ ಕೈ ಇಟ್ಟರೆ ನೀರು ಮೂಡಲಗಿಯ ಕಡೆ ಹೋಗುವುದು ಅಂಗೈಗೆ ತಿಳಿಯುತ್ತಿತ್ತು.

ಮರುದಿನ ಸಾಹೇಬರು ಬೆಳಗಾವಿಯಿಂದ ಬಂದರು. ಯಾರ ಮೇಲೂ ರೇಗಲಿಲ್ಲ. ಬೂಟು ಕಳಚಿ, ಪ್ಯಾಂಟು ಮಡಚಿ ಆ ಚೇಂಬರಿಗೆ ತಾವೇ ಇಳಿದರು, ಬಹಳ ಹೊತ್ತು ಒಳಗೇ ಇದ್ದರು. ಮೇಲೆ ಬಂದು ಫಿಟ್ಟರಿಗೆ ಕೈ ಮುಗಿದರು. ಅಂದಿನಿಂದ ನಮ್ಮಲ್ಲಿ ಯಾರೂ ಫೋನಿನಲ್ಲಿ ‘ಬಂದ್’ ಎನ್ನುವಂತಿಲ್ಲ. ವಾಲಿಗೆ ‘ಮುಚ್ಚೈತಿ’, ಪಂಪಿಗೆ ‘ನಿಂತೈತಿ’, ಸಾಮಾನಿಗೆ ‘ಮುಟ್ಟೈತಿ’. ಕೇಳುವವರು ವಸ್ತುವಿನ ಹೆಸರು ಹಿಡಿದೇ ಕೇಳಬೇಕು, ಹೇಳುವವರೂ ಹಾಗೇ ಹೇಳಬೇಕು. ಯಾರಾದರೂ ಗುಂಡಿಗೆ ಇಳಿದರೆ ಪಂಪಿನ ಕೀಲಿ ಕಾಕಾನ ಕಿಸೆಗೆ ಹೋಗುತ್ತದೆ. ಇಳಿದವರು ಮೇಲೆ ನಿಂತು ಸ್ವಂತ ಬಾಯಿಂದ ‘ಬಂದೇನಿ’ ಎನ್ನುವವರೆಗೂ ಆ ಕೀಲಿ ಕಿಸೆಯಿಂದ ಹೊರಗೆ ಬರುವುದಿಲ್ಲ. ಆ ಸದ್ದನ್ನು ನಾವು ಉಳಿಸಿಕೊಂಡದ್ದು ಇದೊಂದಕ್ಕೇ.

ಮಳೆಗಾಲ ಮುಗಿದ ಮೇಲೆ ಒಮ್ಮೆ ಘಟಪ್ರಭಾಕ್ಕೆ ಹೋಗಿದ್ದೆ. ಫಿಟ್ಟರ್ ಕೆಲಸದ ಮೇಲೆ ಹೊರಗಿದ್ದರು. ಅವರ ಹೆಂಡತಿ ಒಳಗೆ ಕರೆದು ಕೂರಿಸಿ ಚಹಾ ಕೊಟ್ಟರು. ಅದು ಇದು ಮಾತಾಡುತ್ತ, “ಅಕ್ಕಾರ, ಒಂದ ಮಾತ ಕೇಳ್ಲ್ಯಾ?” ಎಂದರು. “ನಮ್ಮವ್ರು ಮನಿಗೆ ಬಂದ ಕೂಡ್ಲೆ ಬಾಗಲದಾಗ ನಿಂತು ‘ಬಂದೇನಿ’ ಅಂತ ಒದರತಾರ್ರಿ. ನಾ ಒಳಗಿಂದ ‘ಹೂಂ’ ಅನ್ನೂತನಾ ಚಪ್ಪಲಿ ಕಳ್ಯಾಂಗಿಲ್ಲ. ಮೊದಲ ಹಂಗ ಅಂತಿದ್ದಿಲ್ಲ. ಯಾಕಂತ ಕೇಳಿದ್ರ ಸುಮ್ಮನ ನಗತಾರ. ನಿಮಗೇನರ ಗೊತ್ತೈತೇನ್ರಿ?”

ಚಹಾ ಇನ್ನೂ ಬಿಸಿಯಿತ್ತು. ನಾನು ಕಪ್ಪಿನ ಕೆಳಗಿನ ಬಸಿಗೆ ಹಾಕಿಕೊಂಡು ಊದಿ ಕುಡಿದೆ.

“ನನಗ ಗೊತ್ತಿಲ್ರಿ,” ಎಂದೆ. “ಆದ್ರ ನೀವು ಹೂಂ ಅನ್ನೂದ ಬಿಡಬ್ಯಾಡ್ರಿ.”